‘ಕೊಂಗ’: ನಾಡಿನ ಹೆಸರೊಂದು ಬೈಗುಳವಾದ ಬಗೆ

ಕನ್ನಡದ ಆಡುಮಾತಿನಲ್ಲಿ ತಮಿಳರನ್ನು ಹೀಯಾಳಿಸಲು ಬಳಕೆಯಾಗುವ ಪದಗಳಲ್ಲಿ ‘ಕೊಂಗ’ ಎಂಬುದು ಮುಖ್ಯವಾದುದು. ಹಳೆಯ ಮೈಸೂರು ಪ್ರದೇಶದಲ್ಲಿ ಇದು ಸಾಮಾನ್ಯವಾಗಿ ಕೇಳಿಬರುತ್ತದೆ. ಬೈಗುಳವೆಂಬ ಕಾರಣಕ್ಕೆ ಇಂತಹ ಪದಗಳನ್ನು ವಿದ್ವತ್ ಚರ್ಚೆಯಿಂದ ದೂರವಿಡುವುದು ಸರಿಯಲ್ಲ. ಪದವೊಂದು ಯಾವ ಚಾರಿತ್ರಿಕ ಸಂದರ್ಭದಲ್ಲಿ ಹೀನಾರ್ಥವನ್ನು ಪಡೆಯಿತು ಎಂಬುದನ್ನು ಅರಿಯುವುದು ಭಾಷಾಚರಿತ್ರೆಯ ಕೆಲಸವೇ ಆಗಿದೆ. ಕೊಳ್ಳೇಗಾಲ, ಹನೂರು ಮತ್ತು ಯಳಂದೂರುಗಳ ಪರಿಸರವನ್ನು ಮುಂದಿಟ್ಟುಕೊಂಡು ಈ ಪದದ ಮೂಲವನ್ನೂ ಅರ್ಥಪಲ್ಲಟವನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1

‘ಕೊಂಗ’ ಎಂಬುದನ್ನು ‘ಕೊಂಕು’ ಪದದೊಡನೆ ಸಂಬಂಧಿಸಿ, ವಕ್ರಸ್ವಭಾವದವನು ಎಂದು ಅರ್ಥ ಹೇಳಲು ಹೊರಡುವುದು ಸುಲಭ. ಇದು ಧ್ವನಿಸಾಮ್ಯವನ್ನಷ್ಟೇ ನೆಚ್ಚಿದ ಜನಪದ ನಿಷ್ಪತ್ತಿ. ‘ಕೊಂಕು’ ಪದದಲ್ಲಿ ಅನುನಾಸಿಕದ ಮುಂದಿನ ಕಕಾರವು ಇಂದಿಗೂ ಅಘೋಷವಾಗಿಯೇ ಉಳಿದಿದೆ. ‘ಕೊಂಗು’ ಪದದಲ್ಲಿರುವುದು ಗಕಾರ. ಎರಡನ್ನೂ ಕನ್ನಡವು ಬೇರೆಬೇರೆಯಾಗಿಯೇ ಕಾಪಾಡಿಕೊಂಡಿದೆ.

ಪದದ ನಿಜವಾದ ಮೂಲ ‘ಕೊಂಗು’ ಎಂಬ ನಾಡಿನ ಹೆಸರು. ಇಂದಿನ ಕೋಯಮತ್ತೂರು, ತಿರುಪ್ಪೂರು, ಈರೋಡು, ಕರೂರು, ನಾಮಕ್ಕಲ್ ಮತ್ತು ಸೇಲಂ ಭಾಗಗಳನ್ನು ಒಳಗೊಂಡ ಪ್ರದೇಶ ಅದು. ‘ಕೊಂಗರ್’ ಎಂಬ ಜನವಾಚಕ ತಮಿಳಿನ ಸಂಘಂ ಸಾಹಿತ್ಯದಲ್ಲಿಯೇ ದೊರೆಯುತ್ತದೆ. ಕೊಡಗು ಎಂಬುದರಿಂದ ಕೊಡಗ, ತುಳು ಎಂಬುದರಿಂದ ತುಳುವ ಎಂಬ ರೂಪಗಳು ಸಿದ್ಧಿಸಿರುವಂತೆಯೇ ಕೊಂಗು ಎಂಬುದರಿಂದ ಕೊಂಗ ಎಂಬ ರೂಪ ಸಿದ್ಧಿಸಿದೆ. ಈ ರಚನೆಯಲ್ಲಿ ನಿಂದೆಯ ಸೋಂಕಿಲ್ಲ.

12ನೆಯ ಶತಮಾನದ ಹೊಯ್ಸಳ ವಿಷ್ಣುವರ್ಧನನ ಬಿರುದಾವಳಿಯಲ್ಲಿ, ಅವನು ಗೆದ್ದ ನಾಡುಗಳ ಸಾಲಿನಲ್ಲಿ ತಲಕಾಡು, ನಂಗಲಿಗಳ ಜೊತೆಗೆ ಕೊಂಗು ಸಹ ಸೇರಿದೆ. ಅಲ್ಲಿ ಅದು ಹಗೆಯ ನಾಡಾಗಿರಬಹುದು, ಆದರೆ ಹೀನನಾಡಲ್ಲ. ಗೆದ್ದವನ ಕೀರ್ತಿಗೆ ಗೆಲ್ಲಲ್ಪಟ್ಟ ನಾಡಿನ ಘನತೆಯೂ ಬೇಕಾಗುತ್ತದೆ.

2

ಅರ್ಥಪಲ್ಲಟದ ಮೊದಲ ಹಂತ ಅರ್ಥವಿಸ್ತಾರ. ಕೊಂಗುನಾಡಿನವನು ಎಂಬ ಅರ್ಥವು ಹಿಗ್ಗಿ, ತಂಜಾವೂರಿನವನಾಗಲಿ ತಿರುನೆಲ್ವೇಲಿಯವನಾಗಲಿ, ತಮಿಳನಾದವನೆಲ್ಲ ‘ಕೊಂಗ’ನಾದನು. ಗಡಿಗೆ ತಾಗಿದ ಜನರ ಹೆಸರು ಇಡೀ ಸಮುದಾಯಕ್ಕೆ ಅನ್ವಯವಾಗುವುದು ಅಪೂರ್ವವೇನಲ್ಲ. ಅಯೋನಿಯಾ ಪ್ರದೇಶದ ಗ್ರೀಕರ ಹೆಸರಿನಿಂದ ಬಂದ ‘ಯವನ’ ಪದವು ಭಾರತದಲ್ಲಿ ಎಲ್ಲ ಗ್ರೀಕರಿಗೂ, ಅನಂತರ ಬೇರೆ ಪರದೇಶೀಯರಿಗೂ ಸಂದದ್ದು ಇದಕ್ಕೆ ನಿದರ್ಶನ.

ಎರಡನೆಯ ಹಂತ ಹೀನಾರ್ಥಪ್ರಾಪ್ತಿ. ಇಲ್ಲಿ ‘ತಿಗುಳ’ ಪದದೊಡನೆ ಹೋಲಿಕೆ ಉಪಯುಕ್ತ. ಶಾಸನಗಳಲ್ಲಿ ತಮಿಳರನ್ನು, ವಿಶೇಷವಾಗಿ ಚೋಳರ ಕಡೆಯವರನ್ನು ಸೂಚಿಸುತ್ತಿದ್ದ ಈ ಪದ, ಮುಂದೆ ಬೆಂಗಳೂರು, ತುಮಕೂರು ಭಾಗಗಳಲ್ಲಿ ತೋಟಗಾರಿಕೆಗೆ ಹೆಸರಾದ ತಿಗಳ ಸಮುದಾಯದ ನಾಮವಾಗಿ ನೆಲೆಗೊಂಡಿತು. ಬೆಂಗಳೂರು ಕರಗದೊಂದಿಗೆ ಈ ಸಮುದಾಯಕ್ಕಿರುವ ಸಂಬಂಧ ಸುಪರಿಚಿತ. ಒಂದು ಪದ ನಾಡಿನೊಳಗಿನ ಸಮುದಾಯವೊಂದರ ಹೆಸರಾಯಿತು. ಇನ್ನೊಂದು ಹೊರಗಿನವನ ಹೆಸರಾಗಿಯೇ ಉಳಿಯಿತು. ಹೊರಗಿನವನೆಂಬ ಭಾವವೇ ‘ಕೊಂಗ’ ಪದವನ್ನು ಬೈಗುಳದ ಕಡೆಗೆ ವಾಲಿಸಿತು ಎನ್ನಬಹುದು.

ಕಾವೇರಿ ನದಿನೀರಿನ ವಿವಾದ ಈ ಭಾವವನ್ನು ಮತ್ತಷ್ಟು ಹರಿತಗೊಳಿಸಿತು. ನ್ಯಾಯಮಂಡಳಿಯ ಮಧ್ಯಂತರ ಆದೇಶದ ಹಿನ್ನೆಲೆಯಲ್ಲಿ 1991ರ ಡಿಸೆಂಬರ್‌ನಲ್ಲಿ ಬೆಂಗಳೂರು, ಮೈಸೂರು ಭಾಗಗಳಲ್ಲಿ ತಮಿಳು ಭಾಷಿಕರ ಮೇಲೆ ಹಲ್ಲೆಗಳು ನಡೆದವು. 2016ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಮತ್ತೆ ಹಿಂಸೆಯನ್ನು ಕಂಡಿತು. ಇಂತಹ ಹೊತ್ತಿನಲ್ಲಿ ಎದುರಿಗಿರುವವನನ್ನು ಜನಾಂಗದ ಹೆಸರಿನಿಂದ ಕರೆಯುವುದು ಬರಿಯ ಮಾತಾಗಿ ಉಳಿಯುವುದಿಲ್ಲ. ಅವನನ್ನು ಗುರುತಿಸಿ ಬೇರೆಮಾಡುವ ಕ್ರಿಯೆಯಾಗುತ್ತದೆ.

3

ಕೊಳ್ಳೇಗಾಲದ ಚರಿತ್ರೆಯು ಈ ಬೈಗುಳದ ಒಳವಿರೋಧವನ್ನು ಬಯಲಿಗಿಡುತ್ತದೆ. 1799ರಲ್ಲಿ ಟಿಪ್ಪುವಿನ ಪತನಾನಂತರ ಕೋಯಮತ್ತೂರು ಪ್ರದೇಶ ಈಸ್ಟ್ ಇಂಡಿಯಾ ಕಂಪನಿಗೆ ಸೇರಿತು. ಕೊಳ್ಳೇಗಾಲವು, ಇಂದು ಪ್ರತ್ಯೇಕ ತಾಲ್ಲೂಕಾಗಿರುವ ಹನೂರಿನ ಭಾಗವೂ ಸೇರಿದಂತೆ, ಮದರಾಸು ಆಡಳಿತದ ಕೋಯಮತ್ತೂರು ಜಿಲ್ಲೆಗೆ ಒಳಪಟ್ಟಿತು. ನೆರೆಯ ಯಳಂದೂರು ಮೈಸೂರು ಸಂಸ್ಥಾನದಲ್ಲಿ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆಯಿತು. ಒಂದೇ ನುಡಿಯನ್ನಾಡುವ ಎರಡು ನೆರೆಯೂರುಗಳ ನಡುವೆ ಒಂದೂವರೆ ಶತಮಾನ ಕಾಲ ಆಡಳಿತದ ಗಡಿಯಿತ್ತು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆಯೇ ಅದು ಅಳಿದದ್ದು.

ಅಂದರೆ, 1956ರವರೆಗೆ ಕೊಳ್ಳೇಗಾಲದ ಕನ್ನಡಿಗನ ಜಿಲ್ಲಾಕೇಂದ್ರವಿದ್ದುದು ಕೊಂಗುನಾಡಿನಲ್ಲಿಯೇ. ನಾಡಿನ ಹೆಸರೇ ವ್ಯಕ್ತಿಯ ಗುರುತೆನ್ನುವುದಾದರೆ ಈ ಪದದ ವ್ಯಾಪ್ತಿಯಿಂದ ಅವನೂ ಹೊರತಾಗಲಾರ. ಡಾ. ರಾಜ್‌ಕುಮಾರ್ ಅವರು 1929ರಲ್ಲಿ ಜನಿಸಿದ ಗಾಜನೂರು ಸಹ ಅಂದು ಕೋಯಮತ್ತೂರು ಜಿಲ್ಲೆಯಲ್ಲಿತ್ತು. ಇಂದು ಅದು ಈರೋಡು ಜಿಲ್ಲೆಯ ತಾಳವಾಡಿ ಭಾಗದಲ್ಲಿದೆ. ಆ ಭಾಗದಲ್ಲಿ ಕನ್ನಡ ಮನೆಮಾತಾಗಿ ಜೀವಂತವಾಗಿದೆ. ಇತ್ತ ಹನೂರು ತಾಲ್ಲೂಕಿನ ಮಾರ್ಟಳ್ಳಿಯಂತಹ ಊರುಗಳಲ್ಲಿ ತಮಿಳು ಮನೆಮಾತಾಗಿದೆ. ಮಲೆ ಮಹದೇಶ್ವರನ ಬೆಟ್ಟಕ್ಕೆ ಎರಡೂ ನುಡಿಗಳ ಭಕ್ತರು ನಡೆದುಬರುತ್ತಾರೆ. ಗೆರೆ ಎಳೆದದ್ದು ಆಡಳಿತ. ನುಡಿಗಳು ಆ ಗೆರೆಯನ್ನು ಪಾಲಿಸಿಲ್ಲ.

4

ಗಡಿಯಾಚೆ ಇದೇ ಪದದ ಗತಿ ವಿರುದ್ಧವಾದುದು. ತಮಿಳುನಾಡಿನ ಪಶ್ಚಿಮ ಜಿಲ್ಲೆಗಳಲ್ಲಿ ‘ಕೊಂಗು’ ಅಭಿಮಾನದ ಹೆಸರು. ರಾಜಕೀಯ ಪಕ್ಷಗಳು ಸಹ ಅದನ್ನು ಧರಿಸಿವೆ. 2021ರಲ್ಲಿ ಕೊಂಗುನಾಡು ಎಂಬ ಪ್ರತ್ಯೇಕ ರಾಜ್ಯದ ಮಾತು ಬಿರುಸಿನ ಚರ್ಚೆಗೆ ವಸ್ತುವಾಯಿತು. ಹೀಗೆ ಒಂದೇ ಪದ ಒಂದೆಡೆ ಹೆಮ್ಮೆ, ಇನ್ನೊಂದೆಡೆ ನಿಂದೆ. ನಿಂದೆಯಿರುವುದು ಪದದಲ್ಲಲ್ಲ, ಅದನ್ನಾಡುವವನ ನೆಲೆಯಲ್ಲಿ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಕೋಶಕಾರರೂ ಕ್ಷೇತ್ರಕಾರ್ಯ ನಡೆಸುವ ಸಂಶೋಧಕರೂ ‘ಕೊಂಗ’ ಪದವನ್ನು ದಾಖಲಿಸುವಾಗ ‘ತಮಿಳ’ ಎಂದಷ್ಟೇ ಅರ್ಥ ಕೊಡುವುದು ಸಾಲದು. ಪದವನ್ನು ಕೈಬಿಡುವುದೂ ತರವಲ್ಲ. ಕೊಂಗುನಾಡಿನವನು ಎಂಬ ಮೂಲಾರ್ಥ, ತಮಿಳ ಎಂಬ ವಿಸ್ತೃತಾರ್ಥ, ನಿಂದಾರ್ಥದ ಬಳಕೆ ಎಂಬ ಮೂರನ್ನೂ ಬಿಡಿಬಿಡಿಯಾಗಿ ನಮೂದಿಸಬೇಕು. ಈ ಪರಿಸರದ ತರಗತಿಗಳಲ್ಲಿ ತಮಿಳು ಮನೆಮಾತಿನ ವಿದ್ಯಾರ್ಥಿಯೂ ಕನ್ನಡವನ್ನು ಕಲಿಯುತ್ತ ಕುಳಿತಿರುತ್ತಾನೆ. ಆ ಪದ ತನ್ನನ್ನು ಚುಚ್ಚುವ ಮೊದಲು ಒಂದು ನಾಡಿನ ಹೆಸರಾಗಿತ್ತೆಂಬುದನ್ನು ಅವನು ಕನ್ನಡದ ಅಧ್ಯಾಪಕನಿಂದಲೇ ತಿಳಿಯುವಂತಾಗಬೇಕು.