ಕೇಳಿ ತಿನ್ನು, ಮಗಳೇ

ಮಗಳೇ,

ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಆಡಿದ ಮಾತು ಇನ್ನೂ ನನ್ನ ತಲೆಯಲ್ಲೇ ಸುತ್ತುತ್ತಿದೆ. ಹ್ಯೂಸ್ಟನ್ನಿಗೆ ಹೋಗಿ ಎರಡೇ ತಿಂಗಳು. ಈ ಶುಕ್ರವಾರ ಆಫೀಸಿನವರೆಲ್ಲ ಸೇರಿ ಕೇಜನ್ ಮೀನೂಟದ ಹೋಟೆಲಿಗೆ ಕರೆದುಕೊಂಡು ಹೋಗುತ್ತಾರಂತೆ. ಮೆನು ತೆಗೆದು ನೋಡಿದರೆ ಒಂದು ಹೆಸರೂ ಅರ್ಥವಾಗುತ್ತಿಲ್ಲ, ಏನು ತರಿಸಲಿ, ಹೇಗೆ ತಿನ್ನಲಿ, ಎಲ್ಲರೆದುರು ಮುಜುಗರವಾದರೆ ಏನು ಗತಿ ದೊಡ್ಡಮ್ಮ ಎಂದೆ. ಫೋನಿನಲ್ಲಿ ಎಲ್ಲವನ್ನೂ ಹೇಳಲು ಆಗಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನೀನು ತಿರುಮಕೂಡಲು ನರಸೀಪುರದ ಹುಡುಗಿ. ಕಾವೇರಿ ಕಪಿಲೆ ಕೂಡುವ ಊರಿನಲ್ಲಿ ಮೀನು ತಿಂದು ಬೆಳೆದವಳು. ಹೆಸರುಗಳು ಹೊಸವು ಅಷ್ಟೆ, ಕೆಲಸ ನಿನಗೆ ಗೊತ್ತಿರುವುದೇ. ಹೇಳಬೇಕಾದದ್ದು ಒಂದೇ ಮಾತು: ಕೇಳಿ ತಿನ್ನು.

ಈ ಮಾತು ನನ್ನದಲ್ಲ, ನಿನ್ನ ತಾತನದು. ನಾನು ಚಿಕ್ಕವಳಿದ್ದಾಗ ಭಾನುವಾರ ಬೆಳಗ್ಗೆ ಅಪ್ಪನ ಕೈ ಹಿಡಿದು ಹೊಳೆದಂಡೆಗೆ ಹೋಗುತ್ತಿದ್ದೆ. ಬೆಸ್ತರು ಹರಿಗೋಲನ್ನು ದಡಕ್ಕೆ ಎಳೆದು, ಬೀಸುಬಲೆ ಕೊಡವಿ, ಮೀನನ್ನು ಒದ್ದೆ ಗೋಣಿಯ ಮೇಲೆ ಸುರಿಯುತ್ತಿದ್ದರು. ಅಪ್ಪ ಬೆಲೆ ಕೇಳುವ ಮೊದಲು ಎರಡು ಪ್ರಶ್ನೆ ಕೇಳುತ್ತಿದ್ದರು. “ಯಾವ ನೀರಿಂದು? ಹಿಡಿದು ಎಷ್ಟು ಹೊತ್ತಾಯ್ತು?” ಉತ್ತರ ಬಂದ ಮೇಲೆ ಬಗ್ಗಿ, ಹೆಬ್ಬೆರಳಿನಿಂದ ಮೀನಿನ ಕಿವಿರಿನ ಮುಚ್ಚಳ ಎತ್ತಿ ಒಳಗೆ ನೋಡುತ್ತಿದ್ದರು. ಒಳಗೆ ದಾಸವಾಳದ ಹಾಗೆ ಕೆಂಪಗಿರಬೇಕು. ಕಣ್ಣು ಉಬ್ಬಿ ಹೊಳೆಯುತ್ತಿರಬೇಕು. ಹೊಟ್ಟೆಯ ಮೇಲೆ ಬೆರಳಿಂದ ಒತ್ತಿದರೆ ಬಿದ್ದ ಗುಳಿ ತಕ್ಷಣ ಮೇಲೇಳಬೇಕು. ಎಷ್ಟೋ ವರ್ಷದಿಂದ ಬಲ್ಲ ಬೆಸ್ತರ ಹತ್ತಿರವೂ ಹೀಗೇ ನೋಡುತ್ತಿದ್ದರು. ಅವರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಒಳ್ಳೆಯ ಮೀನು ತಂದವನಿಗೆ ಇಂಥ ಪ್ರಶ್ನೆ ಗೌರವವೇ ಹೊರತು ಅವಮಾನವಲ್ಲ.

ಕೇಳದೆ ತಿಂದರೆ ಏನಾಗುತ್ತದೆ ಎಂಬುದನ್ನೂ ಅನುಭವಿಸಿದ್ದೇನೆ. ಒಮ್ಮೆ ನೆಂಟರ ಮದುವೆಯಿಂದ ಬರುವಾಗ ರಸ್ತೆ ಬದಿಯ ಒಂದು ಹೋಟೆಲಿನಲ್ಲಿ ‘ತಾಜಾ ಹೊಳೆ ಮೀನು’ ಎಂಬ ಬೋರ್ಡು ನೋಡಿ ಕೂತೆವು. ಮೇಲೆ ಕಾರ, ಮಸಾಲೆ, ಗರಿಗರಿ, ಎಲ್ಲವೂ ಇತ್ತು. ಮುರಿದರೆ ಒಳಗೆ ಮೀನು ಹಿಟ್ಟಿನ ಹಾಗೆ ಉದುರಿತು. ಆ ರಾತ್ರಿ ಮನೆಮಂದಿಗೆಲ್ಲ ಹೊಟ್ಟೆ ಕೆಟ್ಟಿತು. ಕೈತೊಳೆಯಲು ಹಿಂದೆ ಹೋದಾಗ ಐಸ್ ತುಂಬಿದ ಥರ್ಮಾಕೋಲ್ ಪೆಟ್ಟಿಗೆಗಳು ಸಾಲಾಗಿದ್ದುದನ್ನು ಕಂಡಿದ್ದೆ. ಆಗಲೇ ಕೇಳಬೇಕಿತ್ತು, ಕೇಳಲಿಲ್ಲ. ಇವತ್ತು ನಮ್ಮ ಕಡೆಯ ಹೋಟೆಲುಗಳಲ್ಲಿ ಸಿಗುವ ಕಾಟ್ಲಾ, ರೋಹು ಮೂಲದಲ್ಲಿ ನಮ್ಮ ಹೊಳೆಯ ಮೀನೇ ಅಲ್ಲ. ಉತ್ತರದ ಗಂಗೆಯ ಸೀಮೆಯವು, ಇಲ್ಲಿಯ ಕೆರೆ, ಜಲಾಶಯಗಳಿಗೆ ಮರಿ ಬಿಟ್ಟು ಬೆಳೆಸಿದವು. ಆಂಧ್ರದ ಕೊಳಗಳಿಂದ ಐಸಿನಲ್ಲಿ ಬರುವುದೂ ಬಹಳ. ಹಾಗೆ ಬಂದ ಮೀನು ಕೆಟ್ಟದ್ದೆಂದೇನೂ ಇಲ್ಲ. ಆದರೆ ಯಾವುದು ಎಂದು ತಿಳಿದು ತಿನ್ನುವ ಹಕ್ಕು ನಮಗಿದೆ.

ಈಗ ನಿನ್ನ ಶುಕ್ರವಾರದ ಊಟಕ್ಕೆ ಬರುತ್ತೇನೆ. ಅಮೆರಿಕದಲ್ಲಿರುವ ನಿನ್ನ ಅಣ್ಣನ ಮನೆಯಲ್ಲಿ ಬಾಣಂತನಕ್ಕೆಂದು ಆರು ತಿಂಗಳು ಇದ್ದಾಗ ನಾನೂ ಅಂಥ ಹೋಟೆಲಿಗೆ ಎರಡು ಸಲ ಹೋಗಿದ್ದೆ. ಆ ಅಡುಗೆ ನಿನ್ನ ಪಕ್ಕದ ಲೂಸಿಯಾನಾ ರಾಜ್ಯದ್ದು. ಕೆನಡಾದ ನೋವಾ ಸ್ಕೋಷಿಯಾ ಕಡೆ ನೆಲೆಸಿದ್ದ ಫ್ರೆಂಚ್ ಮಾತಿನ ಅಕೇಡಿಯನ್ನರನ್ನು 1755ರಿಂದ ಬ್ರಿಟಿಷರು ಮನೆಮಠ ಸುಟ್ಟು ಹೊರಹಾಕಿದರು. ಅಲೆದು ಅಲೆದು ಅವರಲ್ಲಿ ಬಹಳ ಜನ ಲೂಸಿಯಾನಾದ ಜೌಗು ನೆಲಕ್ಕೆ ಬಂದರು. ಅಕೇಡಿಯನ್ ಎಂಬುದೇ ಬಾಯಿಂದ ಬಾಯಿಗೆ ಸವೆದು ಕೇಜನ್ ಆಯಿತು. ಅದರ ಜೊತೆಗೇ ಸಿಗುವ ಕ್ರಿಯೋಲ್ ಅಡುಗೆ ಅದೇ ರಾಜ್ಯದ ನ್ಯೂ ಆರ್ಲಿಯನ್ಸ್ ಪಟ್ಟಣದ್ದು. ಫ್ರೆಂಚರು, ಸ್ಪೇನಿನವರು, ಗುಲಾಮರಾಗಿ ಹಿಡಿದು ತಂದ ಆಫ್ರಿಕಾದವರು, ಆ ನೆಲದ ಮೂಲನಿವಾಸಿಗಳು, ಇಷ್ಟು ಜನರ ಕೈ ಸೇರಿ ಆದದ್ದು. ನೆಲ ಕಳೆದುಕೊಂಡವರು, ಸ್ವಾತಂತ್ರ್ಯ ಕಳೆದುಕೊಂಡವರು ಸಿಕ್ಕಿದ್ದರಲ್ಲಿ ಅಟ್ಟು ಉಂಡ ಊಟ ಅದು. ತಟ್ಟೆ ಮುಂದೆ ಬಂದಾಗ ಇಷ್ಟನ್ನು ನೆನೆ.

ಗಂಬೋ ಎಂಬ ಹೆಸರು ನೋಡಿ ಹೆದರಬೇಡ. ಆ ಮಾತಿಗೆ ಆಫ್ರಿಕಾದ ಕೆಲವು ಭಾಷೆಗಳಲ್ಲಿ ಬೆಂಡೆಕಾಯಿ ಎಂದೇ ಅರ್ಥ. ಮೊದಲು ಹಿಟ್ಟನ್ನು ಎಣ್ಣೆಯಲ್ಲಿ ಕಂದುಬಣ್ಣ ಬರುವವರೆಗೆ ಕೈಬಿಡದೆ ತಿರುವುತ್ತಾರೆ, ಅದಕ್ಕೆ ರೂ ಎನ್ನುತ್ತಾರೆ. ನಾವು ಮುದ್ದೆ ತೊಳಸುವಾಗ ಕೋಲು ಬಿಟ್ಟು ಅತ್ತಿತ್ತ ಹೋಗುವಂತಿಲ್ಲವಲ್ಲ, ಅದೇ ಶಿಸ್ತು. ಆಮೇಲೆ ಈರುಳ್ಳಿ, ಸೆಲರಿ, ದೊಣ್ಣೆಮೆಣಸಿನಕಾಯಿ. ಆಮೇಲೆ ಸೀಗಡಿ, ಏಡಿ. ಬೆಂಡೆಕಾಯಿಯ ಲೋಳೆಯೂ ಸಾರನ್ನು ಗಟ್ಟಿ ಮಾಡುತ್ತದೆ. ಅನ್ನದ ಮೇಲೆ ಹಾಕಿಕೊಂಡು ತಿನ್ನುತ್ತಾರೆ. ಮೊದಲ ದಿನ ನಿನಗೆ ಇದೇ ಸರಿ. ಬಾಯಿಗಿಟ್ಟ ಕೂಡಲೇ ನಮ್ಮೂರ ಸಾರಿನ ದೂರದ ನೆಂಟಸ್ತಿಕೆ ಗೊತ್ತಾಗುತ್ತದೆ.

ಎಲ್ಲರೂ ಸೇರಿ ಕ್ರಾಫಿಶ್ ಎಂಬ ಸೀಗಡಿಯಂಥ ಚಿಪ್ಪಿನ ಪ್ರಾಣಿಯನ್ನು ತರಿಸುತ್ತಾರೆ. ಮೇಜಿಗೆ ಕಾಗದ ಹಾಸಿ, ಜೋಳದ ತೆನೆ, ಆಲೂಗಡ್ಡೆ ಜೊತೆ ಕೆಂಪಗೆ ಬೆಂದ ರಾಶಿಯನ್ನು ಸುರಿಯುತ್ತಾರೆ. ನಾನು ಹೋದಾಗ ಪಕ್ಕದಲ್ಲಿದ್ದ ಹುಡುಗನೊಬ್ಬ ಹೇಗೆ ಬಿಡಿಸುವುದೆಂದು ತಿಳಿಯದೆ ಫೋರ್ಕು ಹಿಡಿದು ಕೂತಿದ್ದ. ನಾನು ಒಂದನ್ನು ಕೈಗೆ ತೆಗೆದುಕೊಂಡು, ತಲೆ ಒಂದು ಕಡೆ ಬಾಲ ಒಂದು ಕಡೆ ತಿರುಚಿ ಬೇರೆ ಮಾಡಿ, ಬಾಲದ ಚಿಪ್ಪಿನ ಮೊದಲೆರಡು ಉಂಗುರ ಬಿಡಿಸಿ, ತುದಿ ಚಿವುಟಿ ಎಳೆದೆ. ಮಾಂಸ ಇಡಿಯಾಗಿ ಬಂತು. ಗದ್ದೆ ಏಡಿ ಬಿಡಿಸಿದ ಕೈಗೆ ಇದೇನು ದೊಡ್ಡದಲ್ಲ. ಮಳೆಗಾಲದಲ್ಲಿ ನೆಗಡಿಯಾದರೆ ನಿನ್ನಜ್ಜಿ ಏಡಿ ಕುಟ್ಟಿ ಮೆಣಸು ಹಾಕಿ ಸಾರು ಕಾಯಿಸುತ್ತಿದ್ದುದು ನೆನಪಿದೆಯಾ? ಲೂಸಿಯಾನಾದಲ್ಲೂ ಕ್ರಾಫಿಶ್ ಬೆಳೆಸುವುದು ಭತ್ತದ ಗದ್ದೆಯಲ್ಲೇ. ಭತ್ತ ಕೊಯ್ದ ಮೇಲೆ ಅದೇ ಗದ್ದೆಗೆ ಮತ್ತೆ ನೀರು ಕಟ್ಟುತ್ತಾರೆ. ನರಸೀಪುರದ ನಾಲೆ ಬಯಲಿನ ಹುಡುಗಿ ನೀನು, ನಾಚದೆ ಕೈ ಹಾಕು. ತಿನ್ನುವ ಭಾಗ ತೂಕದಲ್ಲಿ ಆರೇಳು ಪಾಲಿಗೆ ಒಂದು ಪಾಲು ಮಾತ್ರ. ಆದರೂ ಮೊದಲಿಗೆ ಎರಡು ಪೌಂಡ್ ಸಾಕು, ಬೇಕಾದರೆ ಮತ್ತೆ ತರಿಸು. ಕಾರದ ಕೈ ಕಣ್ಣಿಗೆ ಹೋಗದಿರಲಿ.

ಅಲ್ಲಿಯೂ ತಾತನ ಎರಡು ಪ್ರಶ್ನೆ ಕೇಳು. ಸಂಕೋಚ ಬೇಡ. ಚೀನಾದಿಂದ ಬಂದ ಕ್ರಾಫಿಶ್, ಹೊರದೇಶದ ಸೀಗಡಿ ಅಲ್ಲಿಯ ಹೋಟೆಲುಗಳಿಗೂ ಬರುತ್ತದೆ. ಅಂಥದ್ದನ್ನು ಬಡಿಸುವ ಹೋಟೆಲು ಗಿರಾಕಿಗೆ ತಿಳಿಸಲೇಬೇಕೆಂದು ಲೂಸಿಯಾನಾದಲ್ಲಿ 2019ರಲ್ಲಿ ಕಾನೂನೇ ಆಯಿತು. ಅಲ್ಲಿಯ ಬೆಸ್ತರು ತಮ್ಮ ಹೊಟ್ಟೆಪಾಡಿಗಾಗಿ ಹೋರಾಡಿದ ವಿಷಯ ಅದು. ನೀನಿರುವುದು ಟೆಕ್ಸಾಸಿನಲ್ಲಿ, ಲೂಸಿಯಾನಾದ ಕಾನೂನು ಅಲ್ಲಿಗೆ ಬರುವುದಿಲ್ಲ, ಆದ್ದರಿಂದ ಬಾಯಿಬಿಟ್ಟು ಕೇಳುವುದೇ ದಾರಿ. ನೀನು ಕೇಳುವ ಒಂದು ಪ್ರಶ್ನೆ ಎಲ್ಲೋ ದೋಣಿಯಲ್ಲಿ ಕೂತವನಿಗೂ ನೆರವಾಗುತ್ತದೆ.

ಆರೋಗ್ಯದ ವಿಷಯದಲ್ಲಿ ಮಾತ್ರ ದೊಡ್ಡಮ್ಮನ ಮಾತು ಮೀರಬೇಡ. ಹಸಿ ಆಯ್‌ಸ್ಟರ್ ಎಂಬ ಚಿಪ್ಪುಮೀನನ್ನು ಐಸಿನ ಮೇಲಿಟ್ಟು ನಿಂಬೆಹಣ್ಣಿನ ಜೊತೆ ಕೊಡುತ್ತಾರೆ, ಅದನ್ನು ತಿನ್ನಬೇಡ. ಬೆಚ್ಚಗಿನ ಸಮುದ್ರದ ನೀರಿನಲ್ಲಿ ಬೆಳೆಯುವ ವಿಬ್ರಿಯೋ ಎಂಬ ರೋಗಾಣು ಅದರಲ್ಲಿರಬಹುದು. ಪಿತ್ತಜನಕಾಂಗದ ಕಾಯಿಲೆ, ಸಕ್ಕರೆ ಕಾಯಿಲೆ ಇದ್ದವರಿಗೆ ಪ್ರಾಣಕ್ಕೇ ಕುತ್ತು. ನಿಂಬೆರಸ, ಕಾರದ ಸಾಸ್ ಹಾಕಿದರೆ ಅದು ಸಾಯುವುದಿಲ್ಲ, ಬೇಯಿಸಿದರೆ ಮಾತ್ರ ಸಾಯುತ್ತದೆ. ಸೀಗಡಿ ತಿಂದು ತುಟಿ ಊದಿತು, ಗಂಟಲು ಬಿಗಿಯಿತು ಎಂದರೆ ಸುಮ್ಮನೆ ಕೂರದೆ ಆಸ್ಪತ್ರೆಗೆ ಓಡು. ಮೀನಿನ ಮುಳ್ಳು ಗಂಟಲಿಗೆ ಸಿಕ್ಕಿದರೆ ಮುದ್ದೆ ಉಂಡೆ ನುಂಗು ಎಂದು ನಮಗೆ ಹೇಳುತ್ತಿದ್ದರು. ಹಾಗೆ ಮಾಡಿದರೆ ಮುಳ್ಳು ಇನ್ನೂ ಆಳಕ್ಕೆ ನಾಟಬಹುದು ಎಂದು ವೈದ್ಯರು ಬೇಡವೆನ್ನುತ್ತಾರೆ. ಅವರ ಮಾತೇ ಸರಿ.

ಇನ್ನೊಂದು. ನಂಜನಗೂಡಿನ ನಿನ್ನ ಅಪ್ಪನ ಮನೆಯಲ್ಲಿ ಸೋಮವಾರ ಮೀನು ಮಾಂಸ ಒಲೆಗೆ ಏರುವುದಿಲ್ಲ. ಅದು ನಂಜುಂಡನ ದಿನ. ಆ ನೇಮವನ್ನು ನೀನು ಅಲ್ಲಿಯೂ ಇಟ್ಟುಕೊಳ್ಳುವುದಾದರೆ ಸಂತೋಷ. ನ್ಯೂ ಆರ್ಲಿಯನ್ಸಿನಲ್ಲಿ ಸೋಮವಾರ ಬಟ್ಟೆ ಒಗೆಯುವ ದಿನವಾಗಿದ್ದು, ಕೆಂಪು ಕಾಳಿನ ಪಲ್ಯ ಒಲೆಯ ಮೇಲೆ ತಾನೇ ಬೇಯಲೆಂದು ಇಟ್ಟು ಅನ್ನದ ಜೊತೆ ತಿನ್ನುವುದು ರೂಢಿ. ಕಾಳು ತಾನೇ ಎಂದು ನಂಬಬೇಡ, ಅದಕ್ಕೆ ಹಂದಿ ಮಾಂಸ ಹಾಕುವ ಪದ್ಧತಿಯಿದೆ. ನಿನ್ನ ಜೊತೆಗೆ ಸಸ್ಯಾಹಾರಿ ಗೆಳತಿ ಬರುತ್ತಾಳೆ ಎಂದೆಯಲ್ಲ, ಅವಳ ಪರವಾಗಿ ನೀನೇ ಕೇಳು: ಕಾಳಿಗೆ, ಸೊಪ್ಪಿಗೆ ಏನು ಹಾಕಿದ್ದೀರಿ? ಆಲೂಗಡ್ಡೆಯನ್ನು ಮೀನು ಕರಿದ ಎಣ್ಣೆಯಲ್ಲೇ ಕರಿಯುತ್ತೀರಾ? ಪಂಕ್ತಿಯಲ್ಲಿ ಒಬ್ಬರು ಹಸಿದು ಕೂತಿದ್ದರೆ ನಮ್ಮ ಊಟ ಊಟವಲ್ಲ.

ಕೊನೆಯದಾಗಿ, ನನ್ನ ಮನಸ್ಸಿಗೆ ಬಹಳ ಹತ್ತಿರದ ಮಾತು. ಲೂಸಿಯಾನಾದ ಪಾಲ್ ಪ್ರುಡೋಮ್ ಎಂಬ ಬಾಣಸಿಗರು ಕೆಂಪುಮೀನಿಗೆ ಮಸಾಲೆ ಮೆತ್ತಿ, ಕಾದ ಕಬ್ಬಿಣದ ಬಾಣಲಿಯಲ್ಲಿ ಕಪ್ಪಾಗುವಂತೆ ಸುಡುವುದನ್ನು 1980ರ ದಶಕದಲ್ಲಿ ಹೆಸರುವಾಸಿ ಮಾಡಿದರು. ಅಮೆರಿಕಕ್ಕೆಲ್ಲ ಅದೇ ಬೇಕಾಯಿತು. ಕೆಲವೇ ವರ್ಷಗಳಲ್ಲಿ ಆ ಮೀನು ಎಷ್ಟು ಕಡಿಮೆಯಾಯಿತೆಂದರೆ, ವ್ಯಾಪಾರಕ್ಕೆ ಹಿಡಿಯುವುದನ್ನೇ ಸರ್ಕಾರ ನಿಲ್ಲಿಸಬೇಕಾಯಿತು. ನಮ್ಮಲ್ಲೇನು ಬೇರೆ? 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಇದೇ ಕಪಿಲೆಯಲ್ಲಿ ಗಾಳ ಹಾಕಿ 120 ಪೌಂಡಿನ ಮಹಶೀರ್ ಹಿಡಿದಿದ್ದರು. ನಮ್ಮ ಲೆಕ್ಕದಲ್ಲಿ 54 ಕೆಜಿ, ಒಬ್ಬ ಆಳಿನ ತೂಕ. ಕಾವೇರಿ ಸೀಮೆ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲದ ಆ ಡುಬ್ಬದ ಮಹಶೀರ್ ಇವತ್ತು ಅಳಿವಿನ ಅಂಚಿನಲ್ಲಿದೆ. ಅಣೆಕಟ್ಟು ಕಟ್ಟಿದೆವು, ಮರಳು ಬಗೆದೆವು, ಸಿಡಿಮದ್ದು ಹಾಕಿ ಮೀನು ಹಿಡಿದೆವು, ಬೇರೆ ಕಡೆಯ ಮಹಶೀರ್ ಮರಿ ತಂದು ಬಿಟ್ಟೆವು. ನಂಜನಗೂಡಿನ ಸ್ನಾನಘಟ್ಟದ ಮೆಟ್ಟಿಲಲ್ಲಿ ಕೂತು ಕಡ್ಲೆಪುರಿ ಎಸೆದು, ನೀರಿನಲ್ಲಿ ಬಾಯಿ ಬಿಡುವ ಮೀನು ನೋಡಿ ನೀನು ಚಪ್ಪಾಳೆ ತಟ್ಟುತ್ತಿದ್ದೆ. ತಿನ್ನುವ ಮೀನಿನ ಮೇಲೂ ಅಷ್ಟೇ ಅಕ್ಕರೆ ಇರಲಿ. ಇದು ಮೊಟ್ಟೆಯಿಡುವ ಕಾಲವೇ ಎಂದು ಕೇಳು. ಅದಕ್ಕಾಗಿಯೇ ನಮ್ಮ ಕರಾವಳಿಯಲ್ಲಿ ಜೂನ್, ಜುಲೈ ಎರಡು ತಿಂಗಳು ಯಂತ್ರದ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಹೊಟ್ಟೆ ಕಟ್ಟಿ ಕಾಯುವ ಆ ಜನರಿಂದ ನಾವೂ ಕಲಿಯಬೇಕು.

ಊಟ ಮುಗಿದ ಮೇಲೆ ಬಡಿಸಿದವರಿಗೆ ಅಲ್ಲಿಯ ರೂಢಿಯಂತೆ ಟಿಪ್ಸ್ ಕೊಡು, ಬಿಲ್ಲಿನ ನೂರಕ್ಕೆ ಹದಿನೆಂಟು ಇಪ್ಪತ್ತರಷ್ಟು. ಅವರ ಸಂಬಳ ಅದನ್ನೇ ನಂಬಿದೆ. ಉಳಿದದ್ದನ್ನು ಕಟ್ಟಿಸಿಕೊಂಡು ಹೋಗು. ಗಂಬೋ ಕೂಡ ನಮ್ಮ ಮೀನಿನ ಸಾರಿನ ಹಾಗೆ, ಮಾರನೆಯ ದಿನವೇ ಹೆಚ್ಚು ರುಚಿ.

ಮುಂದಿನ ರಜೆಗೆ ನೀನು ಬಂದಾಗ ಭಾನುವಾರ ಬೆಳಗ್ಗೆ ಇಬ್ಬರೂ ಹೊಳೆದಂಡೆಗೆ ಹೋಗೋಣ. ನನಗೀಗ ಮಂಡಿ ನೋವು, ಬಗ್ಗಲಾಗುವುದಿಲ್ಲ. ನಾನು ದಡದ ಕಲ್ಲಿನ ಮೇಲೆ ಕೂರುತ್ತೇನೆ. ಹರಿಗೋಲು ಬಂದಾಗ ನೀನು ಇಳಿದು ಹೋಗಿ, ಕಿವಿರಿನ ಮುಚ್ಚಳ ಎತ್ತಿ ನೋಡಿ, ತಾತ ಕೇಳುತ್ತಿದ್ದುದನ್ನು ಕೇಳು. ಸಾರಿಗೆ ಹುಣಸೆಹಣ್ಣು ನಾನು ನೆನೆಹಾಕಿರುತ್ತೇನೆ.

ನಿನ್ನ ದೊಡ್ಡಮ್ಮ