ಮುಖಗವಸೂ ಶ್ರಾವಕಾಚಾರವೂ

ಶ್ರಾವಕನ ಮನೆಯಲ್ಲಿ ಬಟ್ಟೆಗೆ ಎರಡು ಕೆಲಸಗಳುಂಟು. ಮೈಯನ್ನು ಮುಚ್ಚುವುದು ಒಂದು. ಜೀವವನ್ನು ಕಾಯುವುದು ಇನ್ನೊಂದು. ಕೊಡದ ಬಾಯಿಗೆ ಇಮ್ಮಡಿಯಾಗಿ ಮಡಚಿ ಹಾಸುವ ನೀರು ಸೋಸುವ ಬಟ್ಟೆಯು ಎರಡನೆಯ ಬಗೆಗೆ ಸೇರಿದ್ದು. 2020ನೆಯ ಇಸವಿಯಲ್ಲಿ ಕೋವಿಡ್ ವ್ಯಾಧಿಯು ಹಬ್ಬಿದಾಗ ಇದೇ ಬಗೆಯ ಮತ್ತೊಂದು ಬಟ್ಟೆ ಮನೆಮನೆಗೆ ಬಂದಿತು. ಅದೇ ಮುಖಗವಸು.

ಆ ವರ್ಷ ಮಾರ್ಚ್ 25ರಿಂದ ದೇಶವೆಲ್ಲ ಸ್ತಬ್ಧವಾಯಿತು. ಏಪ್ರಿಲ್ ಮೊದಲ ವಾರದಲ್ಲಿ ಕೇಂದ್ರ ಸರ್ಕಾರವು ಮನೆಯಲ್ಲಿಯೇ ಹೊಲಿದ, ಒಗೆದು ಮತ್ತೆ ಬಳಸಬಹುದಾದ ಬಟ್ಟೆಯ ಗವಸನ್ನು ಧರಿಸಲು ಜನರಿಗೆ ಸಲಹೆ ನೀಡಿತು. ಏಪ್ರಿಲ್ 6ರ ಮಹಾವೀರ ಜಯಂತಿಯನ್ನು ಶ್ರಾವಕರು ಮನೆಗಳಲ್ಲಿಯೇ ಆಚರಿಸಿದರು. ಈಗ ಆ ಕಟ್ಟಳೆಗಳಿಲ್ಲ. ಆದರೆ ಗವಸಿನ ಉಪಯೋಗವು ಮುಗಿದಿಲ್ಲ. ಕಡೂರಿನ ಕಡೆಯ ರಾಗಿ ಕಣದ ಧೂಳಿನಲ್ಲಿ, ಅಜ್ಜಂಪುರದ ಈರುಳ್ಳಿ ಹಸನು ಮಾಡುವಲ್ಲಿ, ತರೀಕೆರೆಯ ಅಡಿಕೆ ಸುಲಿಯುವ ಮನೆಗಳಲ್ಲಿ, ರೋಗಿಯ ಶುಶ್ರೂಷೆಯಲ್ಲಿ, ನೆಗಡಿಯಾದವರು ನಾಲ್ಕು ಜನರ ನಡುವೆ ಕುಳಿತುಕೊಳ್ಳಬೇಕಾದಾಗ ಅದು ಇಂದಿಗೂ ಬೇಕು. ಆದುದರಿಂದ ಅದನ್ನು ಶ್ರಾವಕಾಚಾರದ ದೃಷ್ಟಿಯಿಂದ ವಿಚಾರ ಮಾಡುವುದು ಯುಕ್ತವಾಗಿದೆ.

ಇದು ವ್ರತದ ಚಿಹ್ನೆಯೇ?

ಅಲ್ಲ. ಶ್ವೇತಾಂಬರರಲ್ಲಿ ಸ್ಥಾನಕವಾಸಿ ಮತ್ತು ತೇರಾಪಂಥಿ ಸಾಧುಗಳು ಮುಖವಸ್ತ್ರಿಕೆಯನ್ನು ಕಟ್ಟಿಕೊಳ್ಳುತ್ತಾರೆ. ಬಾಯಿಯ ಉಸಿರಿನಿಂದ ವಾಯುಕಾಯಿಕಾದಿ ಜೀವಗಳಿಗೆ ಬಾಧೆಯಾಗಬಾರದೆಂಬುದು ಅದರ ಉದ್ದೇಶ. ದಿಗಂಬರ ಮುನಿಗಳಿಗೆ ಪಿಂಛಿ, ಕಮಂಡಲುಗಳೇ ಉಪಕರಣಗಳು. ಬಾಯಿಗೆ ವಸ್ತ್ರವಿಲ್ಲ, ಭಾಷಾಸಮಿತಿಯೇ ಅವರ ಕಾವಲು. ಗೃಹಸ್ಥನ ಮುಖಗವಸು ಇವೆರಡಕ್ಕಿಂತ ಬೇರೆ. ಎದುರಿಗಿರುವ ಮನುಷ್ಯನಿಗೆ, ಅಂದರೆ ಪಂಚೇಂದ್ರಿಯ ಸಂಜ್ಞಿ ಜೀವಿಗೆ, ತನ್ನಿಂದ ನೋವಾಗದಿರಲೆಂಬ ಎಚ್ಚರಿಕೆ ಅದು. ಪ್ರಮಾದದಿಂದ ಪ್ರಾಣಗಳಿಗೆ ಘಾತವಾಗುವುದೇ ಹಿಂಸೆಯೆಂದು ತತ್ತ್ವಾರ್ಥಸೂತ್ರವು ತಿಳಿಸುತ್ತದೆ. ಅಪ್ರಮಾದವಿದ್ದರೆ ಗವಸು ಅಹಿಂಸೆಯ ಸಾಧನ. ಇಲ್ಲದಿದ್ದರೆ ಅದು ಬರಿಯ ಬಟ್ಟೆಯ ತುಂಡು.

ಬಟ್ಟೆ ಮತ್ತು ಹೊಲಿಗೆ

ಒತ್ತಾಗಿ ನೇಯ್ದ ಹತ್ತಿಯ ಬಟ್ಟೆಯೇ ಉತ್ತಮ. ದೀಪದ ಎದುರು ಹಿಡಿದಾಗ ಬೆಳಕು ಧಾರಾಳವಾಗಿ ತೂರಿ ಬಂದರೆ ಅಂಥ ಬಟ್ಟೆ ಸಾಲದು; ಅದನ್ನು ಮೂರು ಪದರ ಮಾಡಬೇಕು. ಮೃದುವಾಗಿದೆಯೆಂದು ರವಿಕೆ ಹೊಲಿದು ಉಳಿದ ರೇಷ್ಮೆಯ ತುಂಡನ್ನು ಒಳಗೆ ಇಡುವವರಿದ್ದಾರೆ. ಗೂಡಿನೊಳಗಿನ ಹುಳುವನ್ನು ಕೊಂದು ತೆಗೆದ ನೂಲು ಅದು. ಜೀವರಕ್ಷಣೆಗೆಂದು ಹೊಲಿಯುವ ವಸ್ತುವಿಗೆ ಅದು ಸಲ್ಲದು.

ಹೊಸ ಬಟ್ಟೆಯನ್ನು ಮೊದಲು ಒಗೆದು ಒಣಗಿಸಬೇಕು. ಇಲ್ಲವಾದರೆ ಹೊಲಿದ ಮೇಲೆ ಕುಗ್ಗುತ್ತದೆ. ಬಳಿಕ 9 ಅಂಗುಲ ಉದ್ದ, 7 ಅಂಗುಲ ಅಗಲದ ಎರಡು ತುಂಡುಗಳನ್ನು ಕತ್ತರಿಸಿ, ಒಂದರ ಮೇಲೊಂದಿಟ್ಟು ಅಂಚು ಹೊಲಿಯಬೇಕು. ಉದ್ದಕ್ಕೆ ಅರ್ಧ ಅಂಗುಲದ ಮೂರು ನೆರಿಗೆಗಳನ್ನು ಕೆಳಮುಖವಾಗಿ ಹಿಡಿದು ಎರಡು ಬದಿಗಳಲ್ಲಿಯೂ ಹೊಲಿಗೆ ಹಾಕಬೇಕು. ಧರಿಸಿದಾಗ ಈ ನೆರಿಗೆಗಳು ಬಿಚ್ಚಿಕೊಂಡು ಮೂಗಿನಿಂದ ಗಲ್ಲದವರೆಗೆ ಮುಚ್ಚುತ್ತವೆ. ಮೇಲಿನ ಮತ್ತು ಕೆಳಗಿನ ಅಂಚುಗಳಿಗೆ 40 ಅಂಗುಲ ಉದ್ದದ ಒಂದೊಂದು ಪಟ್ಟಿಯನ್ನು, ಎರಡು ಕಡೆಯೂ ಸಮನಾಗಿ ಉಳಿಯುವಂತೆ ಹೊಲಿದರೆ ಕಟ್ಟಲು ಲಾಡಿಯಾಗುವುದು. ಹೊರಮೈಗೆ ಬಣ್ಣದ ನೂಲಿನ ಒಂದು ಗುರುತು ಹಾಕಿದರೆ ಒಳಗು ಹೊರಗು ಅದಲುಬದಲಾಗದು. ಒಬ್ಬೊಬ್ಬರಿಗೆ ಮೂರಾದರೂ ಇರಬೇಕು. ಎರಡು ವರ್ಷದೊಳಗಿನ ಮಕ್ಕಳಿಗೂ ಉಸಿರಾಟದ ತೊಂದರೆಯುಳ್ಳವರಿಗೂ ಇದನ್ನು ಕಟ್ಟಬಾರದು.

ಆಹಾರದಾನ, ಪೂಜೆಗಳಲ್ಲಿ ಹೊಲಿದ ವಸ್ತ್ರ ಸಲ್ಲದೆನ್ನುವ ಪದ್ಧತಿಯುಳ್ಳವರು ಚಿಂತಿಸಬೇಕಾಗಿಲ್ಲ. ಶುದ್ಧವಾದ ಹತ್ತಿಯ ಚೌಕವನ್ನು ಮೂರು ಪದರವಾಗಿ ಮಡಚಿ, ಹೊಲಿಯದೆಯೇ ತಲೆಯ ಹಿಂದಕ್ಕೆ ಕಟ್ಟಿಕೊಳ್ಳಬಹುದು.

ಶುದ್ಧಿಯ ವಿಚಾರ

ಬೆವರು, ಉಗುಳು ತಾಗಿದ ಒದ್ದೆ ಬಟ್ಟೆಯಲ್ಲಿ ಸಮ್ಮೂರ್ಛನ ಜೀವಗಳು ಹುಟ್ಟುವುವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಇಂದಿನ ವೈದ್ಯರೂ ಒದ್ದೆಯಾದ ಗವಸನ್ನು ಒಡನೆ ಬದಲಾಯಿಸಿರೆನ್ನುತ್ತಾರೆ. ಆದುದರಿಂದ ಬಳಸಿದ್ದನ್ನು ರಾತ್ರಿಯೆಲ್ಲ ಬಕೆಟ್ಟಿನಲ್ಲಿ ನೆನೆಯಿಡುವುದು ದೊಡ್ಡ ದೋಷ. ತೆಗೆದ ಕೂಡಲೇ ಸೋಸಿದ ನೀರನ್ನು ಬಿಸಿಮಾಡಿಕೊಂಡು ಸಾಬೂನಿನಿಂದ ಒಗೆದು, ಚೆನ್ನಾದ ಬಿಸಿಲಿನಲ್ಲಿ ಐದು ಗಂಟೆಗಳ ಕಾಲ ಒಣಗಿಸಬೇಕು. ಒಗೆದ ನೀರನ್ನು ನಿಂತ ಚರಂಡಿಗೆ ಸುರಿಯದೆ, ಬಿಸಿಲು ಬೀಳುವ ಒಣನೆಲದ ಮೇಲೆ ಹರಡುವಂತೆ ಚೆಲ್ಲಬೇಕು.

‘ಒಗೆಯುವುದರಲ್ಲಿಯೂ ಸೂಕ್ಷ್ಮಜೀವಿಗಳು ಸಾಯುವುವಲ್ಲವೇ?’ ಎಂದು ಕೇಳಬಹುದು. ಹೌದು. ಅದು ಗೃಹಸ್ಥನಿಗೆ ತಪ್ಪದ ಆರಂಭೀ ಹಿಂಸೆ, ಅದನ್ನು ಇಲ್ಲವೆನ್ನಬಾರದು. ತಡಮಾಡದೆ ಒಗೆದರೆ ಅದು ಅಲ್ಪ. ಉಪೇಕ್ಷೆ ಮಾಡಿದಷ್ಟೂ ಅದು ಬೆಳೆಯುತ್ತದೆ.

ಪರ್ವದಿನದ ವಿಚಾರ

ಪ್ರೋಷಧೋಪವಾಸದ ದಿನ ಆರಂಭವನ್ನು ತ್ಯಜಿಸಬೇಕೆಂದು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ವಿಧಿಸಿದ್ದಾರೆ. ಅಷ್ಟಮಿ, ಚತುರ್ದಶಿಗಳಲ್ಲಿ ಹೊಲಿಗೆಯ ಯಂತ್ರದ ಮುಂದೆ ಕುಳಿತುಕೊಳ್ಳಬಾರದು. ಬೇಕಾದುದನ್ನು ಸಪ್ತಮಿ, ತ್ರಯೋದಶಿಗಳಂದೇ ಹೊಲಿದು, ಒಗೆದು, ಮಡಚಿಡಬೇಕು. ನೋಡದೆ, ಶೋಧಿಸದೆ ವಸ್ತುವನ್ನು ತೆಗೆದುಕೊಳ್ಳುವುದು, ಬಿಸುಡುವುದು ಈ ವ್ರತದ ಅತಿಚಾರಗಳಲ್ಲಿ ಸೇರಿವೆ. ಗವಸನ್ನು ಕೊಡವಿ, ಇರುವೆ ಮುಂತಾದುವು ಇಲ್ಲವೆಂದು ನೋಡಿ ಧರಿಸಬೇಕು. ಹರಿದುದನ್ನು ದಾರಿಯಲ್ಲಿ ಎಸೆಯಬಾರದು. ನಿರ್ಜಲ ಉಪವಾಸದಲ್ಲಿರುವ ವೃದ್ಧರು ಉಸಿರು ಕಟ್ಟಿದಂತಾದರೆ ಜನರಿಂದ ದೂರ ಕುಳಿತು ಅದನ್ನು ತೆಗೆಯಬಹುದು. ಅದರಿಂದ ವ್ರತಕ್ಕೆ ಭಂಗವಿಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ದಶಲಕ್ಷಣ ಪರ್ವದಲ್ಲಿ ಐದು ಉಪವಾಸಗಳನ್ನು ಮುಗಿಸಿದ ವ್ರತಿಯೊಬ್ಬನಿಗೆ ಆರನೆಯ ದಿನ ಜ್ವರ, ಕೆಮ್ಮು ಬಂದಿತೆನ್ನೋಣ. ಬಸದಿಗೆ ಹೋಗದಿದ್ದರೆ ವ್ರತ ಕೆಟ್ಟಿತೆಂದು ಬಗೆದು, ಜ್ವರವನ್ನು ಮುಚ್ಚಿಟ್ಟು, ಗವಸು ಕಟ್ಟಿಕೊಂಡು ಅವನು ಸಾಲಿನಲ್ಲಿ ಬಂದು ಕುಳಿತುಕೊಳ್ಳುತ್ತಾನೆ. ಅವನ ಎಡಬಲಗಳಲ್ಲಿ ಉಪವಾಸದಿಂದ ಬಳಲಿದ ವೃದ್ಧರಿರುತ್ತಾರೆ. ಬಟ್ಟೆಯ ಗವಸು ರೋಗದ ಕಣಗಳನ್ನು ಕಡಿಮೆ ಮಾಡುತ್ತದೆಯೇ ಹೊರತು ಪೂರ್ತಿಯಾಗಿ ತಡೆಯದು. ಇಲ್ಲಿ ಅಹಿಂಸಾಣುವ್ರತಕ್ಕೂ ಸತ್ಯಾಣುವ್ರತಕ್ಕೂ ಒಟ್ಟಿಗೆ ಕುಂದು ಬಂದಿತು. ವ್ರತವಿರುವುದು ಕಷಾಯಗಳ ತ್ಯಾಗದಲ್ಲಿ, ಕುಳಿತುಕೊಳ್ಳುವ ಸ್ಥಳದಲ್ಲಿ ಅಲ್ಲ. ಜ್ವರವಿದ್ದವನು ಮನೆಯಲ್ಲಿಯೇ ಸಾಮಾಯಿಕ, ಸ್ವಾಧ್ಯಾಯಗಳನ್ನು ಮಾಡಲಿ. ಉಪವಾಸವನ್ನು ಮುಂದುವರಿಸುವ ಬಗ್ಗೆ ಗುರುಗಳನ್ನೂ ವೈದ್ಯರನ್ನೂ ಕೇಳಲಿ. 2020ರ ಆ ದಿನಗಳಲ್ಲಿ ಎಲ್ಲರೂ ಹಾಗೆಯೇ ಮಾಡಲಿಲ್ಲವೇ?

ಕಡೂರಿನಲ್ಲಿ ಕ್ರಿ.ಶ. 971ರ ಒಂದು ಶಾಸನವಿದೆ. ಗಂಗ ವಂಶದ ಬೂತುಗನ ಅಕ್ಕ ಪಾಂಬಬ್ಬೆಯು ಕೇಶಲೋಚ ಮಾಡಿಕೊಂಡು, ಮೂವತ್ತು ವರ್ಷ ತಪಸ್ಸನ್ನಾಚರಿಸಿ, ಪಂಚವ್ರತಗಳನ್ನು ಪಾಲಿಸುತ್ತ ದೇಹವನ್ನು ಬಿಟ್ಟಳೆಂದು ಅದು ತಿಳಿಸುತ್ತದೆ. ಮೂವತ್ತು ವರ್ಷಗಳ ತಪಸ್ಸೆಂದರೆ ಹತ್ತು ಸಾವಿರಕ್ಕೂ ಮಿಕ್ಕಿದ ದಿನಗಳ ಎಚ್ಚರಿಕೆ. ಅದೇ ನೆಲದ ಶ್ರಾವಕ, ಶ್ರಾವಿಕೆಯರು ಒಂದು ಅಂಗೈ ಅಗಲದ ಬಟ್ಟೆಯ ವಿಷಯದಲ್ಲಿಯಾದರೂ ಆ ಎಚ್ಚರಿಕೆಯನ್ನು ಅಭ್ಯಾಸ ಮಾಡತಕ್ಕದ್ದು.

ಪಾಠಶಾಲೆಯ ಮಕ್ಕಳಿಗೆ ಪ್ರಶ್ನೆಗಳು

1. ಮುಖವಸ್ತ್ರಿಕೆಗೂ ಗೃಹಸ್ಥನ ಮುಖಗವಸಿಗೂ ಉದ್ದೇಶದಲ್ಲಿ ಏನು ಭೇದ?
2. ಗವಸಿಗೆ ರೇಷ್ಮೆಯು ಏಕೆ ಸಲ್ಲದು?
3. ಬಳಸಿದ ಗವಸನ್ನು ನೆನೆಯಿಡುವುದು ಏಕೆ ದೋಷ?
4. ಜ್ವರವನ್ನು ಮುಚ್ಚಿಟ್ಟು ಬಸದಿಗೆ ಬಂದವನ ಯಾವ ಎರಡು ಅಣುವ್ರತಗಳಿಗೆ ಕುಂದು ಬರುತ್ತದೆ?