ಕಾಣದ ನೀರಿಗೆ ಮೂವರು ಸಾಕ್ಷಿಗಳು

ಈ ಸ್ಮರಣ ಸಂಚಿಕೆಯನ್ನು ಓದುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಗೃಹಿಣಿಯರಾಗಿಯೂ ಉಪಾಧ್ಯಾಯಿನಿಯರಾಗಿಯೂ ದಾದಿಯರಾಗಿಯೂ ಬೇರೆ ಬೇರೆ ಊರುಗಳಲ್ಲಿ ಇರುವರು. ಊರು ಯಾವುದಾದರೂ ಚಿಂತೆ ಒಂದೇ. ಅದು ನೀರಿನ ಚಿಂತೆ. ತೆರೆದ ಬಾವಿ ಬತ್ತಿದರೆ ಕೊಳವೆ ಬಾವಿಯನ್ನು ಕೊರೆಯಿಸಬೇಕಾಗುತ್ತದೆ. ಅದಕ್ಕೋಸ್ಕರ ಮನೆಯ ಹೆಣ್ಣುಮಕ್ಕಳ ಒಡವೆ ಅಡವಿಗೆ ಹೋಗುವುದುಂಟು. ಕೊರೆದ ರಂಧ್ರದಿಂದ ಧೂಳು ಮಾತ್ರ ಹೊರಟರೆ ಒಡವೆಯೂ ಇಲ್ಲ, ನೀರೂ ಇಲ್ಲ, ಸಾಲ ಮಾತ್ರ ಉಳಿಯುವುದು. ಆದುದರಿಂದ ಭೂಮಿಯೊಳಗಿರುವ ಕಾಣದ ನೀರನ್ನು ಶಾಸ್ತ್ರಜ್ಞರು ಯಾವ ಕ್ರಮದಿಂದ ಅರಿಯುತ್ತಾರೆ ಎಂಬುವುದನ್ನು ತಿಳಿಯುವುದು ಪಂಡಿತರ ವಿನೋದವಲ್ಲ. ಅದು ಸಂಸಾರ ನಡಿಸುವವರೆಲ್ಲರೂ ಅರಿಯತಕ್ಕ ವಿಷಯವಾಗಿದೆ.

ಒಬ್ಬನೇ ಸಾಕ್ಷಿಯ ಮಾತನ್ನು ನಂಬಿ ತೀರ್ಪು ಮಾಡಬಾರದೆಂಬುವುದು ಮೋಶೆಯ ಕಾಲದಿಂದಲೂ ನ್ಯಾಯಸ್ಥಾನದ ನಿಯಮವಾಗಿದೆ. ನೀರಿನ ಪರಿಶೋಧನೆಯಲ್ಲಿಯೂ ಅದೇ ನಿಯಮವು ಸಲ್ಲುತ್ತದೆ. ಇಲ್ಲಿ ಸಾಕ್ಷಿ ಹೇಳುವವು ಮೂರು: ಕಲ್ಲು, ಬಾವಿ, ಆಕಾಶ. ಕಲ್ಲಿನ ಮಾತನ್ನು ಕೇಳುವುದು ಭೂಗರ್ಭಶಾಸ್ತ್ರ. ಬಾವಿ, ಮಳೆ, ಹೊಳೆಗಳ ಲೆಕ್ಕವನ್ನಿಡುವುದು ಜಲಶಾಸ್ತ್ರ. ಮೇಲಿನಿಂದ ಭೂಮಿಯನ್ನು ಮುಟ್ಟದೆ ನೋಡಿ ಅರಿಯುವುದು ದೂರಸಂವೇದನೆ. ಈ ಮೂರರಲ್ಲಿ ಯಾವುದೂ ಒಂಟಿಯಾಗಿ ಪೂರ್ಣ ಸತ್ಯವನ್ನು ಹೇಳಲಾರದು.

ಅಳತೆಯ ಆರಂಭ

ಹಿಂದಿನ ಕಾಲದಲ್ಲಿ ಯುರೋಪಿನ ವಿದ್ವಾಂಸರಲ್ಲಿ ಹಲವರು, ಹೊಳೆಗಳೆಲ್ಲಾ ತುಂಬಿ ಹರಿಯುವುದಕ್ಕೆ ಮಳೆಯ ನೀರು ಸಾಲದೆಂದೂ ಸಮುದ್ರದ ನೀರೇ ಭೂಮಿಯೊಳಗಿನ ದಾರಿಗಳಿಂದ ಬೆಟ್ಟಗಳಿಗೆ ಏರಿ ಒರತೆಯಾಗುವುದೆಂದೂ ಹೇಳುತ್ತಿದ್ದರು. ಈ ಮಾತು ಬಹು ಕಾಲ ನಿಂತಿತು. ಯಾಕಂದರೆ ಯಾರೂ ಅಳೆದು ನೋಡಿರಲಿಲ್ಲ. ಪಿಯರ್ ಪೆರೋ ಎಂಬ ಫ್ರೆಂಚನು ಸೇನ್ ನದಿಯ ಮೂಲಭಾಗದ ಪ್ರದೇಶವನ್ನು ಆರಿಸಿಕೊಂಡು, ಅಲ್ಲಿ ವರ್ಷಕ್ಕೆ ಬೀಳುವ ಮಳೆಯೆಷ್ಟು, ನದಿಯಲ್ಲಿ ಹರಿದುಹೋಗುವ ನೀರೆಷ್ಟು ಎಂದು ಲೆಕ್ಕಹಾಕಿ ೧೬೭೪ರಲ್ಲಿ ಪ್ರಕಟಿಸಿದನು. ಬಿದ್ದ ಮಳೆಯು ಹರಿದ ನೀರಿನ ಸುಮಾರು ಆರು ಪಾಲು ಇತ್ತು! ಮಳೆ ಸಾಲದೆಂಬ ವಾದವು ಒಂದು ಲೆಕ್ಕದಿಂದ ಬಿದ್ದುಹೋಯಿತು. ಜಲಶಾಸ್ತ್ರದ ಮೊದಲನೆಯ ಪಾಠವು ಇದೇ: ಊಹಿಸುವ ಮುಂಚೆ ಅಳೆಯಬೇಕು.

ಮೊದಲನೆಯ ಸಾಕ್ಷಿ: ಕಲ್ಲು

ಬೆಂಗಳೂರಿನ ಲಾಲ್‌ಬಾಗಿನ ಬಂಡೆಯನ್ನು ನಿಮ್ಮಲ್ಲಿ ಅನೇಕರು ಹತ್ತಿರುವಿರಿ. ಅದರ ವಯಸ್ಸು ಸುಮಾರು ೩೦೦ ಕೋಟಿ ವರ್ಷ. ಮೈಸೂರು ಸಂಸ್ಥಾನದ ಭೂಗರ್ಭಶಾಸ್ತ್ರಜ್ಞರಾಗಿದ್ದ ಸ್ಮೀತ್ ಎಂಬವರು ಈ ಜಾತಿಯ ಕಲ್ಲಿಗೆ ೧೯೧೬ರಲ್ಲಿ ಪೆನಿನ್ಸುಲರ್ ನೈಸ್ ಎಂದು ಹೆಸರಿಟ್ಟರು. ನಮ್ಮ ನಾಡಿನ ಬಯಲುಸೀಮೆಯ ಬಹುಭಾಗಕ್ಕೆ ಇಂಥ ಗಟ್ಟಿ ಕಲ್ಲೇ ತಳಹದಿ.

ಗಟ್ಟಿ ಕಲ್ಲಿನಲ್ಲಿ ನೀರು ಎಲ್ಲಿರುವುದು? ಭೂಮಿಯ ಕೆಳಗೆ ಹೊಳೆಗಳು ಹರಿಯುತ್ತವೆಂದು ಜನರು ಹೇಳುವುದುಂಟು. ನಮ್ಮ ಕಲ್ಲಿನಲ್ಲಿ ಅಂಥವು ಇಲ್ಲ. ಕಲ್ಲಿನ ಮೇಲ್ಭಾಗವು ಬಿಸಿಲು ಮಳೆಗಳಿಂದ ಬಹು ಕಾಲ ಶಿಥಿಲವಾಗಿ ಕೈಯಲ್ಲಿ ಉದುರುವಷ್ಟು ಮೆತ್ತಗಾಗಿರುತ್ತದೆ. ಆ ಪದರವೇ ನಮ್ಮ ಹಿರಿಯರ ತೆರೆದ ಬಾವಿಗಳಿಗೆ ನೀರು ಕೊಟ್ಟದ್ದು. ಅದರ ಕೆಳಗೆ ಬಿರುಕುಗಳಲ್ಲಿ ಮಾತ್ರ ನೀರು ನಿಲ್ಲುವುದು. ಆಳಕ್ಕೆ ಹೋದ ಹಾಗೆಲ್ಲಾ ಮೇಲಿನ ಭಾರದಿಂದ ಬಿರುಕುಗಳು ಸಾಧಾರಣವಾಗಿ ವಿರಳವಾಗಿಯೂ ಇಕ್ಕಟ್ಟಾಗಿಯೂ ಆಗುತ್ತವೆ. ಆದುದರಿಂದ ಇನ್ನೂ ನೂರು ಅಡಿ ಕೊರೆದರೆ ಇನ್ನೂ ಹೆಚ್ಚು ನೀರು ಬರುವುದೆಂಬ ನಂಬಿಕೆಗೆ ಶಾಸ್ತ್ರದ ಆಧಾರವಿಲ್ಲ. ಉತ್ತರ ಭಾಗದ ಜಿಲ್ಲೆಗಳಲ್ಲಿ ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾ ಪದರಗಳ ಸಂದುಗಳಲ್ಲಿ ನೀರನ್ನು ಹುಡುಕಬೇಕು. ಕರಾವಳಿಯ ಮುರಕಲ್ಲಾದರೋ ಮಳೆಗಾಲದಲ್ಲಿ ಬೇಗನೆ ತುಂಬಿ ಬೇಸಿಗೆಯಲ್ಲಿ ಬೇಗನೆ ಬಸಿದುಬಿಡುವುದು. ಹೀಗೆ ಕಲ್ಲು ಬೇರೆಯಾದಲ್ಲಿ ಪ್ರಶ್ನೆಯೂ ಬೇರೆ.

ಭೂಗರ್ಭಶಾಸ್ತ್ರಜ್ಞನು ಸುತ್ತಿಗೆಯನ್ನೂ ದಿಕ್ಸೂಚಿಯನ್ನೂ ಹಿಡಿದು ನಡೆದು, ಬಂಡೆಗಳ ಬಿರುಕುಗಳು ಯಾವ ದಿಕ್ಕಿಗೆ ಓಡುತ್ತವೆ, ಬಾವಿಯ ಗೋಡೆಯಲ್ಲಿ ಮೆತ್ತನೆಯ ಪದರವು ಎಷ್ಟು ದಪ್ಪವಿದೆ ಎಂದು ಬರೆದುಕೊಳ್ಳುತ್ತಾನೆ. ಕೆಲವೆಡೆ ಕಪ್ಪು ಕಲ್ಲಿನ ಪಟ್ಟಿಯೊಂದು ನೆಲದೊಳಗೆ ಗೋಡೆಯಂತೆ ನಿಂತು, ಒಂದು ಕಡೆಯಲ್ಲಿ ನೀರನ್ನು ತಡೆದು ಇನ್ನೊಂದು ಕಡೆಯನ್ನು ಒಣಗಿಸುವುದು. ಹತ್ತಿರದ ಹೊಲದಲ್ಲಿ ನೀರು ಬಂದಿತೆಂದು ನಮ್ಮ ಹೊಲದಲ್ಲಿಯೂ ಬರುವುದೆಂದು ಹೇಳಲಾಗದಿರುವುದಕ್ಕೆ ಇದು ಒಂದು ಕಾರಣ.

ಕಾಣದ ಭಾಗವನ್ನು ಅರಿಯಲು ವಿದ್ಯುತ್ತಿನ ಉಪಾಯವೂ ಉಂಟು. ನೆಲದಲ್ಲಿ ನಾಲ್ಕು ಲೋಹದ ಗೂಟಗಳನ್ನು ಸಾಲಾಗಿ ನೆಟ್ಟು, ಹೊರಗಿನ ಎರಡರಿಂದ ವಿದ್ಯುತ್ತನ್ನು ಹಾಯಿಸಿ, ಒಳಗಿನ ಎರಡರ ನಡುವಣ ಒತ್ತಡವನ್ನು ಅಳೆಯುತ್ತಾರೆ. ಒಣ ಗಟ್ಟಿ ಕಲ್ಲು ವಿದ್ಯುತ್ತನ್ನು ಬಹಳವಾಗಿ ತಡೆಯುವುದು. ನೀರು ತುಂಬಿದ ಶಿಥಿಲ ಕಲ್ಲು ಅದಕ್ಕೆ ದಾರಿ ಕೊಡುವುದು. ಗೂಟಗಳನ್ನು ದೂರ ದೂರ ಸರಿಸಿದಂತೆ ಇನ್ನೂ ಆಳದ ಸಮಾಚಾರವು ದೊರೆಯುತ್ತದೆ. ಆದರೆ ಒಂದು ಎಚ್ಚರಿಕೆ: ಒದ್ದೆ ಜೇಡಿಮಣ್ಣೂ ವಿದ್ಯುತ್ತಿಗೆ ಚೆನ್ನಾಗಿ ದಾರಿ ಕೊಡುವುದು, ಬಾವಿಗೆ ಮಾತ್ರ ನೀರನ್ನು ಬಿಡದು. ಆದಕಾರಣ ಕಲ್ಲಿನ ಸಾಕ್ಷಿಯನ್ನು ಬಾವಿಯ ಸಾಕ್ಷಿಯೊಂದಿಗೆ ಕೂಡಿಸಲೇಬೇಕು.

ಎರಡನೆಯ ಸಾಕ್ಷಿ: ಬಾವಿ

ಬಾವಿಯು ಭೂಮಿಗಿರುವ ಕಿಟಕಿ. ಕಟ್ಟೆಯ ಮೇಲೆ ಒಂದು ಗುರುತು ಮಾಡಿ, ಅಲ್ಲಿಂದ ನೀರಿನ ಮಟ್ಟಕ್ಕೆ ಎಷ್ಟು ಆಳವೆಂದು ಅಳೆದು ತಾರೀಕಿನೊಂದಿಗೆ ಬರೆದಿಟ್ಟರೆ ಅದೇ ಶಾಸ್ತ್ರದ ಕೆಲಸ. ಕೇಂದ್ರ ಅಂತರ್ಜಲ ಮಂಡಲಿಯವರು ದೇಶದಾದ್ಯಂತ ಗೊತ್ತುಮಾಡಿದ ಬಾವಿಗಳಲ್ಲಿ ವರ್ಷಕ್ಕೆ ನಾಲ್ಕಾವರ್ತಿ ಹೀಗೆ ಅಳೆಯುತ್ತಾರೆ. ಫ್ರಾನ್ಸಿನ ದಿಜೋನ್ ಪಟ್ಟಣಕ್ಕೆ ಕುಡಿಯುವ ನೀರನ್ನು ತಂದ ಹೆನ್ರಿ ಡಾರ್ಸಿ ಎಂಬ ಎಂಜಿನಿಯರನು ಮರಳು ತುಂಬಿದ ಕೊಳವೆಗಳಲ್ಲಿ ನೀರನ್ನು ಹಾಯಿಸಿ, ನೀರು ಇಳಿಯುವ ವೇಗವು ಮಟ್ಟಗಳ ವ್ಯತ್ಯಾಸವನ್ನೂ ಮರಳಿನ ಗುಣವನ್ನೂ ಹೊಂದಿರುವುದೆಂದು ೧೮೫೬ರಲ್ಲಿ ತೋರಿಸಿದನು. ಭೂಮಿಯೊಳಗಿನ ನೀರಿನ ಚಲನೆಯ ಲೆಕ್ಕವೆಲ್ಲಾ ಇಂದಿಗೂ ಆ ನಿಯಮದ ಮೇಲೆ ನಿಂತಿದೆ.

ಈಗ ನಮ್ಮ ಹಳೆಯ ವಿದ್ಯಾರ್ಥಿನಿಯರು ಅಂಕಗಣಿತವನ್ನು ಮರೆತಿಲ್ಲವೆಂದು ನಂಬಿ ಒಂದು ಲೆಕ್ಕವನ್ನು ಕೊಡುತ್ತೇವೆ. ಒಂದು ಊರಲ್ಲಿ ವರ್ಷಕ್ಕೆ ೭೦೦ ಮಿಲಿಮೀಟರ್ ಮಳೆ ಬಿದ್ದು, ಅದರ ಹತ್ತರಲ್ಲೊಂದು ಪಾಲು, ಅಂದರೆ ೭೦ ಮಿಲಿಮೀಟರ್, ಆಳಕ್ಕೆ ಇಂಗಿತೆಂದು ಇಟ್ಟುಕೊಳ್ಳಿರಿ. ನೂರು ಪಾಲು ಶಿಥಿಲ ಕಲ್ಲು ಎರಡು ಪಾಲು ನೀರನ್ನು ಮಾತ್ರ ಬಿಟ್ಟುಕೊಡುವುದಾದರೆ ಬಾವಿಯ ಮಟ್ಟ ಎಷ್ಟು ಏರುವುದು? ೭೦ನ್ನು ೨ರಿಂದ ಭಾಗಿಸಿ ೧೦೦ರಿಂದ ಗುಣಿಸಿದರೆ ೩೫೦೦ ಮಿಲಿಮೀಟರ್, ಅಂದರೆ ಮೂರೂವರೆ ಮೀಟರ್. ಬಾವಿಯನ್ನು ಇಣಿಕಿ ನೋಡಿದವನು ಮೂರೂವರೆ ಮೀಟರು ನೀರು ಬಂದಿತೆಂದು ಹಿಗ್ಗುವನು. ನಿಜವಾಗಿ ಬಂದದ್ದು ನಾಲ್ಕು ಬೆರಳಿನಷ್ಟು ದಪ್ಪದ ನೀರಿನ ಹಾಳೆ. ಒಂದು ಭತ್ತದ ಬೆಳೆಗೆ ಸಾಧಾರಣವಾಗಿ ೧೦೦೦ ಮಿಲಿಮೀಟರಿಗೂ ಹೆಚ್ಚು ನೀರು ಬೇಕು. ಅದನ್ನೆಲ್ಲಾ ಕೊಳವೆ ಬಾವಿಯಿಂದಲೇ ಎತ್ತಿದರೆ ಒಂದು ಎಕರೆಯ ಬೆಳೆಯು ಹದಿನಾಲ್ಕು ಎಕರೆಗಳಲ್ಲಿ ಇಂಗಿದ ನೀರನ್ನು ಕೇಳುವುದು. ಅದರಲ್ಲಿ ಸ್ವಲ್ಪ ತಿರಿಗಿ ಇಂಗುವುದು ಹೌದು. ಆದರೂ ಬಾವಿಗಳು ಯಾಕೆ ಬತ್ತಿದವೆಂಬುವುದಕ್ಕೆ ಉತ್ತರವು ಈ ಲೆಕ್ಕದಲ್ಲಿದೆ.

ನೀರಿನ ವಯಸ್ಸನ್ನೂ ಅರಿಯಬಹುದು. ೧೯೫೦ರ ದಶಕದಿಂದ ೧೯೬೩ರ ವರೆಗೆ ಆಕಾಶದಲ್ಲಿ ನಡಿಸಿದ ಅಣ್ವಸ್ತ್ರ ಪ್ರಯೋಗಗಳಿಂದ ಟ್ರಿಟಿಯಂ ಎಂಬ ದ್ರವ್ಯವು ಮಳೆಯಲ್ಲಿ ಬಹಳವಾಗಿ ಸೇರಿತು. ಅದು ೧೨ ವರ್ಷಗಳಿಗೆ ಸ್ವಲ್ಪ ಮೇಲೆ ಅರ್ಧಕ್ಕೆ ಇಳಿಯುವುದು. ಬಾವಿಯ ನೀರಿನಲ್ಲಿ ಅದು ಇದ್ದರೆ ಇತ್ತೀಚಿನ ಮಳೆ ಅದರಲ್ಲಿ ಸೇರಿದೆ. ಇಲ್ಲದಿದ್ದರೆ ಅದು ಹಳೆಯ ಕಾಲದ ನೀರು. ಆಳದ ಹಳೆಯ ನೀರು ಕಲ್ಲಿನೊಡನೆ ಬಹು ಕಾಲ ಇದ್ದು ಅದರ ಲವಣಗಳನ್ನು ಕರಗಿಸಿಕೊಂಡಿರಬಹುದು. ಕೋಲಾರ, ಚಿಕ್ಕಬಳ್ಳಾಪುರ ಸೀಮೆಗಳಲ್ಲಿ ಸಾವಿರ ಅಡಿಗೂ ಮೀರಿ ಕೊರೆದ ಬಾವಿಗಳುಂಟು. ಆ ಸೀಮೆಯ ಅನೇಕ ಊರುಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿರುವುದು. ಲೀಟರಿಗೆ ಒಂದೂವರೆ ಮಿಲಿಗ್ರಾಮನ್ನು ಮೀರಿದ ನೀರನ್ನು ಬಹು ಕಾಲ ಕುಡಿದ ಮಕ್ಕಳ ಹಲ್ಲುಗಳು ಕಲೆಗಟ್ಟುವುವು; ಅದು ಇನ್ನೂ ಬಹಳವಾಗಿದ್ದರೆ ಎಲುಬುಗಳೂ ಕೆಡುವುವು. ನೀರು ಸಿಕ್ಕಿತೆಂಬುವುದರಿಂದಲೇ ಕೆಲಸ ಮುಗಿಯಲಿಲ್ಲವೆಂದು ತಾಯಂದಿರು ಇದರಿಂದ ತಿಳಿಯತಕ್ಕದ್ದು.

ಮೂರನೆಯ ಸಾಕ್ಷಿ: ಆಕಾಶ

ಬೆಂಗಳೂರಿನಲ್ಲಿ ನಿರ್ಮಿತವಾದ ಐ. ಆರ್. ಎಸ್. ೧-ಎ ಎಂಬ ಕೃತಕ ಉಪಗ್ರಹವು ೧೯೮೮ರ ಮಾರ್ಚಿ ೧೭ರಲ್ಲಿ ಬೈಕೊನೂರಿನಿಂದ ಹಾರಿತು. ಇಂಥ ಉಪಗ್ರಹಗಳು ನಮ್ಮ ಕಣ್ಣಿಗೆ ಕಾಣುವ ಬೆಳಕನ್ನಲ್ಲದೆ ಕೆಂಪಿನಾಚೆಯ ಕಿರಣಗಳನ್ನೂ ಗ್ರಹಿಸುತ್ತವೆ. ಹಸುರು ಎಲೆಗಳು ಆ ಕಿರಣಗಳನ್ನು ಬಹಳವಾಗಿ ಹಿಂದಿರುಗಿಸುವುದರಿಂದ ಅಂಥ ಚಿತ್ರಗಳಲ್ಲಿ ಗಿಡಮರಗಳನ್ನು ಕೆಂಪು ಬಣ್ಣದಲ್ಲಿ ತೋರಿಸುವ ವಾಡಿಕೆಯುಂಟು. ಕಡು ಬೇಸಿಗೆಯ ಚಿತ್ರದಲ್ಲಿ ಒಣನೆಲದ ಮಧ್ಯದಲ್ಲಿ ನೆಟ್ಟಗಿನ ಕೆಂಪು ಗೆರೆಯೊಂದು ಕಂಡರೆ, ಅದರ ಕೆಳಗೆ ನೀರಿರುವ ಬಿರುಕು ಇರಬಹುದು. ಇರಬಹುದು ಎನ್ನುತ್ತೇವೆ, ಯಾಕಂದರೆ ಕಾಲುವೆಯ ದಡವೂ ದಾರಿಬದಿಯ ಸಾಲುಮರಗಳೂ ಹಾಗೆಯೇ ಕಾಣುವುವು. ಆದುದರಿಂದ ಚಿತ್ರವನ್ನು ನೋಡಿದವನು ಆ ಸ್ಥಳಕ್ಕೆ ನಡೆದುಹೋಗಿ ನೆಲವನ್ನು ನೋಡಿಯೇ ಗೆರೆಯನ್ನು ಒಪ್ಪತಕ್ಕದ್ದು.

ಇದಕ್ಕಿಂತಲೂ ಆಶ್ಚರ್ಯವಾದದ್ದು ಭೂಮಿಯನ್ನು ತೂಗಿ ನೋಡುವ ಕ್ರಮ. ಅಮೆರಿಕಾ ಮತ್ತು ಜರ್ಮನಿ ದೇಶದವರು ೨೦೦೨ರ ಮಾರ್ಚಿಯಲ್ಲಿ ಗ್ರೇಸ್ ಎಂಬ ಹೆಸರಿನ ಎರಡು ಉಪಗ್ರಹಗಳನ್ನು ಹಾರಿಸಿದರು. ಅವು ಸುಮಾರು ೨೨೦ ಕಿಲೋಮೀಟರ್ ಅಂತರದಲ್ಲಿ ಒಂದರ ಹಿಂದೊಂದು ಭೂಮಿಯನ್ನು ಸುತ್ತಿದವು. ಕೆಳಗೆ ಭಾರವು ಹೆಚ್ಚಿರುವ ಸ್ಥಳವು ಮುಂದಿನದನ್ನು ಮೊದಲು ಎಳೆಯುವುದು, ಬಳಿಕ ಹಿಂದಿನದನ್ನು. ಹೀಗೆ ಅವುಗಳ ನಡುವಣ ಅಂತರವು ಕೂದಲೆಳೆಗಿಂತಲೂ ಸೂಕ್ಷ್ಮವಾಗಿ ಬದಲಾಗುವುದನ್ನು ಅಳೆದರು. ಒಂದು ಪ್ರದೇಶವು ತಿಂಗಳಿಂದ ತಿಂಗಳಿಗೆ ಹಗುರವಾದರೆ ಅಲ್ಲಿಂದ ನೀರು ಹೋಗಿದೆ ಎಂದರ್ಥ. ಮೇಲ್ಮಣ್ಣಿನ ತೇವ ಮುಂತಾದವುಗಳ ಲೆಕ್ಕವನ್ನು ಕಳೆದರೆ ಉಳಿಯುವುದು ಅಂತರ್ಜಲದ ಲೆಕ್ಕ. ರಾಜಸ್ಥಾನ, ಪಂಜಾಬು, ಹರಿಯಾಣ ಸೀಮೆಗಳಲ್ಲಿ ೨೦೦೨ರ ಆಗಸ್ಟಿನಿಂದ ೨೦೦೮ರ ಅಕ್ಟೋಬರಿನ ವರೆಗೆ ೧೦೯ ಘನ ಕಿಲೋಮೀಟರ್ ಅಂತರ್ಜಲವು ಕಡಿಮೆಯಾಯಿತೆಂದು ೨೦೦೯ರಲ್ಲಿ ಈ ಕ್ರಮದಿಂದ ಗೊತ್ತಾಯಿತು. ನಮ್ಮ ಕನ್ನಂಬಾಡಿ ಕಟ್ಟೆಯು ತುಂಬಿದಾಗ ಹಿಡಿಯುವುದು ಸುಮಾರು ೧.೪ ಘನ ಕಿಲೋಮೀಟರ್. ಅಂಥ ಎಪ್ಪತ್ತಕ್ಕೂ ಹೆಚ್ಚು ಕಟ್ಟೆಗಳ ನೀರು ಆರು ವರ್ಷಗಳಲ್ಲಿ ಹೋಯಿತು. ಆ ವರ್ಷಗಳಲ್ಲಿ ಮಳೆಯು ಹೆಚ್ಚುಕಡಿಮೆ ವಾಡಿಕೆಯಂತೆಯೇ ಬಿದ್ದಿತ್ತು. ಆದುದರಿಂದ ದೋಷವು ಮೋಡದ್ದಲ್ಲ, ಪಂಪುಗಳದ್ದೇ. ಆ ಜೋಡಿಯ ಕೆಲಸವು ೨೦೧೭ರಲ್ಲಿ ಮುಗಿಯಿತು. ೨೦೧೮ರ ಮೇ ತಿಂಗಳಲ್ಲಿ ಅದರ ಬದಲಿಗೆ ಮತ್ತೊಂದು ಜೋಡಿಯನ್ನು ಹಾರಿಸಿದರು.

ಆದಾಗ್ಯೂ ಈ ತಕ್ಕಡಿಯು ಕೆಲವು ನೂರು ಕಿಲೋಮೀಟರ್ ಅಗಲದ ಸೀಮೆಯನ್ನು ಒಟ್ಟಾಗಿ ತೂಗುವುದೇ ಹೊರತು ನಿಮ್ಮ ಹಿತ್ತಿಲ ಬಾವಿಯನ್ನು ಕಾಣಲಾರದು. ನಿಮ್ಮ ಬಾವಿಯಾದರೋ ಸೀಮೆಯ ಸಮಾಚಾರವನ್ನು ಹೇಳಲಾರದು. ಒಂದರ ಕೊರತೆಯನ್ನು ಮತ್ತೊಂದು ತುಂಬಬೇಕು.

ನಾವು ಮಾಡತಕ್ಕದ್ದು

ಅಂಗೈಯ ಮೇಲಿನ ತೆಂಗಿನಕಾಯಿ ಎದ್ದು ನಿಲ್ಲುವುದನ್ನೂ ಕವೆಗೋಲು ಬಾಗುವುದನ್ನೂ ನೋಡಿ ನೀರಿನ ಸ್ಥಳವನ್ನು ಹೇಳುವವರು ನಮ್ಮ ಊರುಗಳಲ್ಲಿ ಇದ್ದಾರೆ. ಅವರನ್ನು ಹಾಸ್ಯಮಾಡುವುದು ನಮ್ಮ ಉದ್ದೇಶವಲ್ಲ. ಅವರಲ್ಲಿ ಕೆಲವರಿಗೆ ತಮ್ಮ ಊರಿನ ಇಳಿಜಾರು, ಗಿಡಮರಗಳ ಪರಿಚಯವು ಚೆನ್ನಾಗಿರುವುದು. ಆದರೆ ನೀರು ಬಿದ್ದ ಬಾವಿಗಳನ್ನು ಜನರು ಹತ್ತು ಸಾರಿ ಹೇಳುತ್ತಾರೆ, ಬೀಳದವುಗಳನ್ನು ಯಾರೂ ಎಣಿಸುವುದಿಲ್ಲ. ಶಾಸ್ತ್ರಕ್ಕೂ ಇದಕ್ಕೂ ಇರುವ ಭೇದವು ಉಪಕರಣದಲ್ಲಿ ಅಲ್ಲ; ತಪ್ಪಿದ್ದನ್ನೂ ತಾರೀಕು ಸಹಿತ ಬರೆದಿಡುವುದರಲ್ಲಿದೆ. ಶಾಸ್ತ್ರಜ್ಞನು ಗೊತ್ತುಮಾಡಿದ ಸ್ಥಳವೂ ತಪ್ಪಬಹುದು. ಆದರೆ ಅವನ ಪುಸ್ತಕದಲ್ಲಿ ಆ ತಪ್ಪು ಉಳಿಯುವುದರಿಂದ ಮುಂದಿನವನಿಗೆ ಅದು ದಾರಿ ತೋರಿಸುವುದು.

ಆದುದರಿಂದ ಮನೆಯಲ್ಲಿ ಕೊಳವೆ ಬಾವಿಯ ಮಾತು ಬಂದಾಗ ನಮ್ಮ ಹೆಣ್ಣುಮಕ್ಕಳು ಸುಮ್ಮನಿರದೆ ಕೆಲವು ಪ್ರಶ್ನೆಗಳನ್ನು ಕೇಳಬೇಕೆಂದು ಅಪೇಕ್ಷಿಸುತ್ತೇವೆ. ಈ ನೆಲದ ಕಲ್ಲು ಯಾವುದು? ಸುತ್ತಲಿನ ಬಾವಿಗಳಲ್ಲಿ ನೀರು ಎಷ್ಟು ಅಡಿಯಲ್ಲಿ ಬಿತ್ತು, ಎಷ್ಟು ಬಾವಿಗಳಲ್ಲಿ ಬೀಳಲೇ ಇಲ್ಲ? ಪರೀಕ್ಷಿಸಿದವರು ಸ್ಥಳಕ್ಕೆ ಬಂದು ನೋಡಿದರೋ, ಚಿತ್ರವನ್ನು ಮಾತ್ರ ನೋಡಿದರೋ? ಎಷ್ಟು ಅಡಿಗೆ ನಿಲ್ಲಿಸುವುದೆಂದು ಮುಂಚಿತವಾಗಿ ಗೊತ್ತುಮಾಡಿದೆಯೋ? ನೀರು ಬಂದ ಮೇಲೆ ಅದನ್ನು ಪರೀಕ್ಷೆಗೆ ಕಳುಹಿಸುವರೋ? ಅಡವಿಡುವುದು ನಿಮ್ಮ ಒಡವೆಯಾದರೆ ಪ್ರಶ್ನೆ ಕೇಳುವ ಹಕ್ಕೂ ನಿಮ್ಮದೇ.

ಇನ್ನೊಂದು ಮಾತು. ಇಸಾಕನು ತನ್ನ ತಂದೆಯ ಕಾಲದ ಮುಚ್ಚಿಹೋದ ಬಾವಿಗಳನ್ನು ಪುನಃ ತೆರೆಯಿಸಿದ ವೃತ್ತಾಂತವನ್ನು ನೀವು ಬಲ್ಲಿರಿ. ನಿಮ್ಮ ಹಿತ್ತಿಲಲ್ಲಿ ಹಳೆಯ ಬಾವಿಯಿದ್ದರೆ ಅದಕ್ಕೆ ಕಸ ತುಂಬಿಸಬೇಡಿರಿ. ಬತ್ತಿದ ಬಾವಿಯೂ ಸಾಕ್ಷಿಯೇ. ಮಕ್ಕಳು ಬೀಳದಂತೆ ಬಲೆ ಹಾಕಿಸಿ, ಗಂಟುಹಾಕಿದ ಹಗ್ಗವೊಂದಕ್ಕೆ ಭಾರ ಕಟ್ಟಿ, ಪ್ರತಿ ತಿಂಗಳ ಮೊದಲನೆಯ ದಿನ ಬೆಳಿಗ್ಗೆ ಪಂಪು ಹಾಕುವ ಮುಂಚೆ ಅಳೆದು ಬರೆಯಿರಿ. ಮಳೆಯ ಅಳತೆಯನ್ನು ಪಕ್ಕದಲ್ಲಿ ಬರೆಯಿರಿ. ಮೂರು ವರ್ಷ ಹೀಗೆ ಮಾಡಿದರೆ ನಿಮ್ಮ ಬಾವಿಯು ಎಷ್ಟು ಪಡೆಯುವುದು, ನೀವು ಎಷ್ಟು ತೆಗೆಯುವಿರಿ ಎಂಬುವುದು ಆ ಪುಸ್ತಕದಿಂದಲೇ ತಿಳಿಯುವುದು. ಇದಕ್ಕೆ ಪದವಿ ಬೇಡ, ಹಣ ಬೇಡ; ತಪ್ಪದೆ ಮಾಡುವ ನಿಷ್ಠೆ ಬೇಕು. ಆ ನಿಷ್ಠೆಯನ್ನು ನೀವು ಈ ಶಾಲೆಯಲ್ಲಿ ಕಲಿತಿರುವಿರೆಂದು ನಂಬಿ, ಮುಂದಿನ ಸಮ್ಮೇಳನಕ್ಕೆ ಬರುವಾಗ ಅಂಥ ಪುಸ್ತಕಗಳನ್ನು ನಮಗೂ ತೋರಿಸಬೇಕೆಂದು ಕೇಳಿಕೊಳ್ಳುತ್ತೇವೆ. ಆಕಾಶದಿಂದ ಮಳೆಯನ್ನು ಸುರಿಸುವ ದೇವರು ನಿಮ್ಮನ್ನೂ ನಿಮ್ಮ ಮನೆಗಳನ್ನೂ ಆಶೀರ್ವದಿಸಲಿ.